ಕಾಗದದ ಬಿಳುಪು: ಚಿತ್ರಕಾರ ವೆಂಕಟಪ್ಪನವರ ಜಲವರ್ಣ

ಜಲವರ್ಣವೆಂದರೆ ಮಕ್ಕಳ ಬಣ್ಣ ಎಂಬ ಎಣಿಕೆ ನಮ್ಮಲ್ಲಿ ಬಹುಕಾಲದಿಂದ ನೆಲೆಯೂರಿದೆ. ಹನ್ನೆರಡು ಬಿಲ್ಲೆಗಳ ಒಂದು ತಗಡಿನ ಪೆಟ್ಟಿಗೆ, ಒಂದು ಕುಂಚ, ಒಂದು ಲೋಟ ನೀರು, ಇಷ್ಟಿದ್ದರೆ ಸಾಕು. ಕೈ ಪಳಗಿದ ಮೇಲೆ ತೈಲವರ್ಣಕ್ಕೆ ಹೋಗಬಹುದು ಎಂದು ತಿಳಿದವರೂ ಹೇಳುವುದುಂಟು. ಕುಂಚ ಹಿಡಿದು ಕೆಲಸ ಮಾಡಿದವರು ಈ ಮಾತನ್ನು ಒಪ್ಪಲಾರರು. ತೈಲವರ್ಣದಲ್ಲಿ ಇಂದು ಕೆಟ್ಟದ್ದನ್ನು ನಾಳೆ ಅದರ ಮೇಲೆಯೇ ಬಣ್ಣ ಬಳಿದು ಮುಚ್ಚಬಹುದು. ಜಲವರ್ಣದಲ್ಲಿ ಆ ಸೌಕರ್ಯವಿಲ್ಲ. ಬಣ್ಣ ಪಾರದರ್ಶಕವಾದದ್ದು, ಅಡಿಯಲ್ಲಿರುವ ಕಾಗದದ ಬಿಳುಪೇ ಚಿತ್ರಕ್ಕೆ ಬೆಳಕು. ಆ ಬಿಳುಪನ್ನು ಎಲ್ಲಿ ಉಳಿಸಬೇಕೆಂಬುದನ್ನು ಕುಂಚ ಅದ್ದುವ ಮೊದಲೇ ನಿಶ್ಚಯಿಸಿಕೊಂಡಿರಬೇಕು. ಎಳೆಯ ಕೈಗೆ ಇದಕ್ಕಿಂತ ಕಠಿಣವಾದ ಮಾಧ್ಯಮವನ್ನು ಕೊಡುವುದು ಸಾಧ್ಯವಿಲ್ಲ; ಆದರೂ ಅಗ್ಗವಾಗಿ ಸಿಗುತ್ತದೆಂಬ ಕಾರಣಕ್ಕೆ ಅದನ್ನೇ ಕೊಡುತ್ತೇವೆ.

ಈ ಮಾಧ್ಯಮವನ್ನು ಪ್ರಾರಂಭಿಕರ ಮೆಟ್ಟಿಲೆಂದು ತಿಳಿಯದೆ ಅದರಲ್ಲಿಯೇ ತಮ್ಮ ಅತ್ಯುತ್ತಮವಾದುದನ್ನು ಸಾಧಿಸಿದವರು ಕೆ. ವೆಂಕಟಪ್ಪನವರು. 1886ರಲ್ಲಿ ಮೈಸೂರಿನಲ್ಲಿ ಹುಟ್ಟಿ 1965ರಲ್ಲಿ ತೀರಿಕೊಂಡ ಈ ಮಹನೀಯರನ್ನು ನಾನು ಕಂಡವನಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಚಿತ್ರಕಲೆಯನ್ನು ಹೇಳಿಕೊಡುತ್ತ ಕಾಲ ಕಳೆದವನು ನಾನು. ಮಕ್ಕಳಿಗೆ ಲೇಪ, ಪದರ, ಬಿಳುಪು ಎಂದು ಬರಿಯ ವಿಧಿಗಳನ್ನು ಹೇಳಿದರೆ ಅವು ತಲೆಯಲ್ಲಿ ನಿಲ್ಲುವುದಿಲ್ಲ. ಒಬ್ಬ ಮನುಷ್ಯನ ಬಾಳನ್ನು ಹೇಳುತ್ತ ಅದರ ನಡುವೆ ವಿಧಿಯನ್ನು ಹೇಳಿದರೆ ನಿಲ್ಲುತ್ತವೆ. ಹಾಗೆ ಹೇಳಿ ಹೇಳಿ ವೆಂಕಟಪ್ಪನವರ ಕಥೆ ನನಗೆ ಬಾಯಿಪಾಠವಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವೆಂಕಟಪ್ಪನವರು ಚಿತ್ರಗಾರರ ಮನೆತನದವರು. ಮೈಸೂರಿನ ಆಸ್ಥಾನಕ್ಕೆ ತಲೆಮಾರುಗಳಿಂದ ಚಿತ್ರ ಬರೆದುಕೊಟ್ಟ ಕುಲ ಅದು. ಈ ಕಲೆ ಮೈಸೂರಿಗೆ ಬಂದ ದಾರಿಯಲ್ಲಿ ನಮ್ಮ ಶ್ರೀರಂಗಪಟ್ಟಣವಿದೆಯೆಂಬುದನ್ನು ಇಲ್ಲಿಯ ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಹೇಳುತ್ತಿದ್ದೆ. 1565ರಲ್ಲಿ ವಿಜಯನಗರ ಹಾಳಾದ ಮೇಲೆ ಅಲ್ಲಿಯ ಚಿತ್ರಗಾರರು ಆಶ್ರಯವನ್ನರಸಿ ಬೇರೆಬೇರೆ ಕಡೆ ಚೆದುರಿದರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ರಾಜಧಾನಿ ಮಾಡಿಕೊಂಡಾಗ ಅಂಥ ಕೆಲವು ಮನೆತನಗಳಿಗೆ ಇಲ್ಲಿ ನೆಲೆ ದೊರೆಯಿತು. ಮೈಸೂರು ಸಂಪ್ರದಾಯದ ಚಿತ್ರವೆಂದು ಇಂದು ನಾವು ಕರೆಯುವುದು ಬೇರುಬಿಟ್ಟದ್ದು ಕಾವೇರಿಯ ಈ ದ್ವೀಪದಲ್ಲಿ. 1799ರಲ್ಲಿ ಪಟ್ಟಣ ಬಿದ್ದು ರಾಜಧಾನಿ ಮೈಸೂರಿಗೆ ಹೋದಾಗ ಚಿತ್ರಗಾರರೂ ಹೋದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆ ಕಲೆ ಮತ್ತೆ ಚಿಗುರಿತು.

ಆ ಚಿತ್ರಗಾರರ ಪರಿಕರಗಳನ್ನು ನೆನೆದರೆ ನಮ್ಮ ತಗಡಿನ ಪೆಟ್ಟಿಗೆಯ ಬಗ್ಗೆ ನಾಚಿಕೆಯಾಗುತ್ತದೆ. ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಮಾಡಿದ ಇದ್ದಲಿನಿಂದ ಮೊದಲ ರೇಖೆ. ಅಳಿಲಿನ ಕೂದಲಿನ ಕುಂಚ. ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು, ನೀಲಿಗಿಡದ ನೀಲಿ. ಎಲ್ಲಕ್ಕೂ ಗೋಂದೇ ಅಂಟು, ನೀರೇ ವಾಹಕ. ಹೀಗೆ ನೋಡಿದರೆ ಅವರದೂ ನೀರಿನ ಬಣ್ಣವೇ. ಆದರೆ ಅವರು ಬಣ್ಣವನ್ನು ಗಟ್ಟಿಯಾಗಿ ತುಂಬುತ್ತಿದ್ದರು. ಆಭರಣಗಳನ್ನು ಮಕ್ಕಿ ಸಫೇದದಿಂದ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಹೊದಿಸುತ್ತಿದ್ದರು. ಬೆಳಕು ಅಲ್ಲಿ ಚಿನ್ನದಿಂದ ಬರುತ್ತಿತ್ತು. ಕಾಗದದ ಬಿಳುಪಿನಿಂದ ಬೆಳಕನ್ನು ಪಡೆಯುವ ಜಲವರ್ಣ ಬೇರೆ ಜಾತಿಯದು.

ಆ ಬೇರೆ ಜಾತಿಯ ಜಲವರ್ಣ ನಮ್ಮ ಸೀಮೆಗೆ ಬಂದದ್ದು ವಿಚಿತ್ರವಾದ ರೀತಿಯಲ್ಲಿ: ಯುದ್ಧದ ಜೊತೆಯಲ್ಲಿ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿರೋಡೆಯ ಬಳಿಯ ಬಂಡೆಗಳ ಸುತ್ತ ಬೀಡುಬಿಟ್ಟಿತ್ತು. ಫ್ರೆಂಚ್ ರಾಕ್ಸ್ ಎಂದು ಇಂಗ್ಲಿಷರು ಕರೆಯುತ್ತಿದ್ದ ಆ ಜಾಗವೇ ಈಗಿನ ಪಾಂಡವಪುರ. ಆ ದಂಡಿನೊಡನೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. ಆ ಯುದ್ಧದ ಕಾಲದಲ್ಲಿ ಮೈಸೂರು ಸೀಮೆಯ ನೋಟಗಳನ್ನು ಬರೆದುಕೊಂಡ ಕೋಲ್‌ಬ್ರೂಕ್, ಅಲನ್, ಹಂಟರ್ ಎಂಬ ಸೈನ್ಯಾಧಿಕಾರಿಗಳೂ ಇದ್ದರು. ಫಿರಂಗಿ ದಳದವರಿಗೂ ಎಂಜಿನಿಯರುಗಳಿಗೂ ಊಲಿಚ್ಚಿನ ಸೈನಿಕ ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಡ್ಡಾಯವಾಗಿ ಕಲಿಸುತ್ತಿದ್ದರು. ಪಾಲ್ ಸ್ಯಾಂಡ್‌ಬಿ ಎಂಬ ಪ್ರಸಿದ್ಧ ಜಲವರ್ಣಕಾರ 1768ರಿಂದ 1796ರವರೆಗೆ ಅಲ್ಲಿ ಉಪಾಧ್ಯಾಯನಾಗಿದ್ದ. ಪೆನ್ಸಿಲ್ಲಿನಲ್ಲಿ ಕೋಟೆಯ ಗೆರೆ, ಅದರ ಮೇಲೆ ಬೂದುಬಣ್ಣದ ನೆರಳು, ಕೊನೆಯಲ್ಲಿ ತೆಳುವಾದ ಬಣ್ಣ. ಇದು ಅವರ ಕ್ರಮ. ನೀರಿನಲ್ಲಿ ಅದ್ದಿದ ಕೂಡಲೇ ಕರಗುವ ಬಣ್ಣದ ಬಿಲ್ಲೆಗಳನ್ನು ಲಂಡನ್ನಿನ ರೀವ್ಸ್ ಸಹೋದರರು ತಯಾರಿಸಿ 1781ರಲ್ಲಿ ಬಹುಮಾನ ಪಡೆದಿದ್ದರು. ಚೀಲದಲ್ಲಿಟ್ಟುಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದಾಗಿತ್ತು. ನಮ್ಮ ಮಕ್ಕಳ ಕೈಯಲ್ಲಿರುವ ಪೆಟ್ಟಿಗೆ ಅದರ ವಂಶದ್ದೇ. ಶ್ರೀರಂಗಪಟ್ಟಣದ ಹೆಸರು ಎಷ್ಟು ದೂರ ಹೋಗಿತ್ತೆಂದರೆ, ಹಿಂದೂಸ್ಥಾನವನ್ನು ಒಮ್ಮೆಯೂ ಕಾಣದ ಟರ್ನರ್ ಮಹಾಶಯ ಕೂಡ 1800ರ ಸುಮಾರಿನಲ್ಲಿ ಅದರ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದನೆಂದು ಹೇಳುವ ಚಿತ್ರ ಲಂಡನ್ನಿನಲ್ಲಿದೆ. ಈ ದಂಡಿನ ಚಿತ್ರಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಅವುಗಳಲ್ಲಿ ಕರೀಘಟ್ಟವಿದೆ, ಕೋಟೆಯಿದೆ, ನದಿಯಿದೆ. ಆದರೆ ಅಲ್ಲಿರುವ ಕಣ್ಣು ಕೋಟೆಯ ಎತ್ತರವನ್ನು ಅಳೆಯುವ ಕಣ್ಣು.

ವೆಂಕಟಪ್ಪನವರ ಬಾಲ್ಯದಲ್ಲಿ ಮೈಸೂರಿನಲ್ಲಿ ಗೌರವವಿದ್ದದ್ದು ತೈಲವರ್ಣಕ್ಕೆ. ರಾಜಾ ರವಿವರ್ಮರು ತಮ್ಮ ಕೊನೆಯ ವರ್ಷಗಳಲ್ಲಿ ಮೈಸೂರಿನ ಅರಮನೆಗಾಗಿ ದೊಡ್ಡ ಚಿತ್ರಗಳನ್ನು ಬರೆದುಕೊಟ್ಟು 1906ರಲ್ಲಿ ತೀರಿಕೊಂಡರು. ಅವರ ದಾರಿಯನ್ನು ಹಿಡಿಯುವುದು ಯಾವ ತರುಣ ಚಿತ್ರಕಾರನಿಗೂ ಸಹಜವಾಗಿತ್ತು. ಆದರೆ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ವೆಂಕಟಪ್ಪನವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದರು. ಪರ್ಸಿ ಬ್ರೌನ್ ಅಲ್ಲಿ ಮುಖ್ಯಾಧಿಕಾರಿ. ಗುರುಗಳು ಅವನೀಂದ್ರನಾಥ ಠಾಕೂರರು. ನಂದಲಾಲ್ ಬಸು, ಅಸಿತಕುಮಾರ ಹಾಲ್ದಾರ್, ಕ್ಷಿತೀಂದ್ರನಾಥ ಮಜುಂದಾರ್ ಮೊದಲಾದವರು ಜೊತೆಯ ಶಿಷ್ಯರು. ಕನ್ನಡದ ಹುಡುಗನೊಬ್ಬ ಆ ಗುಂಪಿನಲ್ಲಿ ಸೇರಿ ಏಳು ವರ್ಷ ಕಳೆದ.

ಅವನೀಂದ್ರರ ಶಾಲೆಯ ವಾಷ್ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1903ರಲ್ಲಿ ಯೊಕೊಯಾಮ ತಾಯ್ಕಾನ್, ಹಿಶಿದಾ ಶುನ್‌ಸೋ ಎಂಬ ಇಬ್ಬರು ಜಪಾನೀ ಚಿತ್ರಕಾರರು ಕಲ್ಕತ್ತೆಗೆ ಬಂದಿದ್ದರು. ಬರೆಯುವ ನಡುವೆ ಅವರು ಅಗಲವಾದ ಕುಂಚದಿಂದ ಚಿತ್ರವನ್ನು ನೀರಿನಿಂದ ತೋಯಿಸುವುದನ್ನು ಅವನೀಂದ್ರರು ಕಂಡರು. ತಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬರೆದ ಹಾಳೆಯನ್ನು ಇಡಿಯಾಗಿ ನೀರಿನಲ್ಲಿ ಮುಳುಗಿಸಿಬಿಟ್ಟರು. ಮೊದಲು ರೇಖೆ; ರೇಖೆಯೊಳಗೆ ತೆಳುವಾದ ಬಣ್ಣ; ಬಣ್ಣ ಚೆನ್ನಾಗಿ ಒಣಗಿದ ಮೇಲೆ ಸ್ನಾನ. ಕಾಗದಕ್ಕೆ ಹತ್ತಿದ ಬಣ್ಣ ನಿಲ್ಲುತ್ತದೆ, ಹತ್ತದ್ದು ತೊಳೆದುಹೋಗುತ್ತದೆ. ಅನಂತರ ಹಾಳೆ ಇನ್ನೂ ತೇವವಾಗಿರುವಾಗಲೇ ಒಂದೇ ಛಾಯೆಯ ನೀರುಬಣ್ಣವನ್ನು ಎಲ್ಲೆಡೆ ಹರಿಸುವುದು. ಮತ್ತೆ ಒಣಗುವುದು, ಮತ್ತೆ ರೇಖೆಯನ್ನು ಎಬ್ಬಿಸುವುದು, ಮತ್ತೆ ನೀರು. ಹೀಗೆ ಹಲವು ಸಲ ಆದ ಮೇಲೆ ಬಣ್ಣ ಕಾಗದದ ಒಳಗಿನಿಂದ ಹುಟ್ಟಿಬಂದ ಹಾಗೆ ಕಾಣುತ್ತದೆ. ಗಟ್ಟಿಯಾಗಿ ಬಣ್ಣ ತುಂಬುವ ಮನೆತನದಲ್ಲಿ ಬೆಳೆದ ಯುವಕನಿಗೆ, ತಾನು ಬರೆದದ್ದನ್ನು ತಾನೇ ನೀರಿಗೆ ಹಾಕುವುದು ಎಂಥ ಎದೆಗಾರಿಕೆಯನ್ನು ಬೇಡಿರಬೇಕು!

ತರಗತಿಯಲ್ಲಿ ಈ ಕಥೆಗೆ ಬಂದಾಗ ನಾನು ನಿಲ್ಲಿಸಿ ಮೊದಲ ಪಾಠವನ್ನು ತೆಗೆದುಕೊಳ್ಳುತ್ತಿದ್ದೆ. ನೀರನ್ನು ತಾಳಬೇಕಾದರೆ ಕಾಗದ ತಕ್ಕದ್ದಾಗಿರಬೇಕು. ತೆಳುವಾದ ಹಾಳೆ ನೀರು ತಗುಲಿದೊಡನೆ ಅಲೆಅಲೆಯಾಗಿ ಏಳುತ್ತದೆ. ತಗ್ಗಿನಲ್ಲಿ ಬಣ್ಣ ಮಡುಗಟ್ಟುತ್ತದೆ. ದಪ್ಪನಾದ ಹಾಳೆಯನ್ನು ಮೊದಲು ನೀರಿನಲ್ಲಿ ನೆನೆಸಿ, ಹಲಗೆಯ ಮೇಲೆ ಹಾಸಿ, ನಾಲ್ಕು ಅಂಚಿಗೂ ಅಂಟುಪಟ್ಟಿ ಹಚ್ಚಿ ಒಣಗಲು ಬಿಡಬೇಕು. ಒಣಗಿದಾಗ ಅದು ಮೃದಂಗದ ಚರ್ಮದಂತೆ ಬಿಗಿಯುತ್ತದೆ. ನೀರಿಗೆ ಎರಡು ಪಾತ್ರೆ ಬೇಕು: ಕುಂಚ ತೊಳೆಯಲು ಒಂದು, ಬಣ್ಣ ಕಲಸಲು ಒಂದು. ಇದು ಸಣ್ಣ ಮಾತೆಂದು ತೋರಬಹುದು. ಆದರೆ ಶಾಲೆಯ ಮಕ್ಕಳ ಚಿತ್ರಗಳೆಲ್ಲ ಕೆಸರಿನ ಬಣ್ಣಕ್ಕೆ ತಿರುಗುವುದಕ್ಕೆ ಅರ್ಧ ಕಾರಣ ಒಂದೇ ಲೋಟದ ನೀರು.

ಎರಡನೆಯದು ಸಮಲೇಪ. ಹಲಗೆಯನ್ನು ತನ್ನ ಕಡೆಗೆ ಸ್ವಲ್ಪ ಇಳಿಜಾರಾಗಿಟ್ಟುಕೊಂಡು, ಬೇಕಾದದ್ದಕ್ಕಿಂತ ಹೆಚ್ಚಾಗಿಯೇ ಬಣ್ಣ ಕಲಸಿಟ್ಟುಕೊಂಡು, ತುಂಬಿದ ಕುಂಚದಿಂದ ಮೇಲಿನ ಅಂಚಿನಲ್ಲಿ ಒಂದು ಅಡ್ಡಗೆರೆ ಎಳೆಯಬೇಕು. ಅದರ ಕೆಳಗಂಚಿನಲ್ಲಿ ಬಣ್ಣದ ನೀರು ಮಣಿಯಂತೆ ನಿಲ್ಲುತ್ತದೆ. ಮುಂದಿನ ಗೆರೆ ಆ ಮಣಿಯನ್ನು ಹಿಡಿದುಕೊಂಡು ಕೆಳಗೆ ತರಬೇಕು. ಕೊನೆಗೆ ಉಳಿದ ನೀರನ್ನು ಹಿಂಡಿದ ಕುಂಚ ಹೀರಿಕೊಳ್ಳುತ್ತದೆ. ನಡುವೆ ಹಿಂದಿರುಗಿ ತಿದ್ದಬಾರದು. ಅರೆ ಒಣಗಿದ ಜಾಗಕ್ಕೆ ಹೊಸ ನೀರು ಬಿದ್ದರೆ ಅದು ಬಣ್ಣವನ್ನು ತಳ್ಳಿಕೊಂಡು ಹೋಗಿ, ಗೋಡೆಯ ಮೇಲಿನ ಮಳೆನೀರಿನ ಕಲೆಯಂತೆ ಅಂಚು ಕಟ್ಟುತ್ತದೆ. ಪ್ರತಿಯೊಂದು ಗೆರೆಗೂ ಬಣ್ಣಕ್ಕೆ ಸ್ವಲ್ಪ ನೀರು ಬೆರೆಸುತ್ತ ಬಂದರೆ ಮೇಲೆ ಗಾಢವಾಗಿ ಕೆಳಗೆ ತಿಳಿಯಾಗುವ ಆಕಾಶ ಸಿದ್ಧಿಸುತ್ತದೆ. ನಮ್ಮ ಮಕ್ಕಳ ಚಿತ್ರಗಳಲ್ಲಿ ಆಕಾಶವೆಂದರೆ ಹಾಳೆಯ ನೆತ್ತಿಯಲ್ಲಿ ಒಂದು ನೀಲಿ ಪಟ್ಟಿ, ಬೆಟ್ಟವೆಂದರೆ ಮೂರು ತ್ರಿಕೋನ, ನಡುವೆ ಸೂರ್ಯ. ಕುಂತಿಬೆಟ್ಟದ ಕೆಳಗೆ ಕುಳಿತ ಶಾಲೆಯಲ್ಲೂ ಹೀಗೆಯೇ ಬರೆಯುತ್ತಾರೆ. ಕಿಟಕಿಯಿಂದ ಹೊರಗೆ ನೋಡಿದರೆ ಸಾಕಾಗಿತ್ತು.

ಕಲ್ಕತ್ತೆಯಲ್ಲಿ ವೆಂಕಟಪ್ಪನವರಿಗೆ ಬೇಗನೆ ಹೆಸರು ಬಂತು. ಸೋದರಿ ನಿವೇದಿತೆಯವರು ಪ್ರಾರಂಭಿಸಿ, 1911ರಲ್ಲಿ ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿಯವರು ಪೂರ್ತಿಗೊಳಿಸಿದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥ 1913ರಲ್ಲಿ ಹೊರಬಂತು. ಅವನೀಂದ್ರರ ಮೇಲ್ವಿಚಾರಣೆಯಲ್ಲಿ ಅವರ ಶಿಷ್ಯರು ಅದಕ್ಕೆ ವರ್ಣಚಿತ್ರಗಳನ್ನು ಬರೆದರು. ರಾಮಾಯಣದ ಚಿತ್ರಗಳಲ್ಲಿ ವೆಂಕಟಪ್ಪನವರ ಕೈವಾಡವಿದೆ. ಬಂಗಾಳದ ಜೊತೆಗಾರರ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ನನಗೆ ಕಾಣುತ್ತದೆ: ವಾಷಿನ ಮಂಜಿನಲ್ಲಿಯೂ ಇವರ ರೇಖೆ ಕರಗುವುದಿಲ್ಲ. ಒಡವೆಯ ಒಂದೊಂದು ಮಣಿಯನ್ನೂ ಬಿಡದೆ ಬರೆದ ಪೂರ್ವಿಕರ ಕೈ ಅಲ್ಲಿ ಎಚ್ಚರವಾಗಿದೆ. ಬೆರಳಗಲದ ದಂತದ ತುಂಡುಗಳ ಮೇಲೆ ಅವರು ಬರೆದ ಭಾವಚಿತ್ರಗಳು ಈ ಕೈಯ ಪರಾಕಾಷ್ಠೆ.

1916ರಲ್ಲಿ ಅವರು ಮೈಸೂರಿಗೆ ಹಿಂದಿರುಗಿದರು. ಕಲ್ಕತ್ತೆಯಲ್ಲಿ ಕೀರ್ತಿ, ಊರಿನಲ್ಲಿ ಮಹಾರಾಜರ ಆದರ. ಇನ್ನು ಚಿತ್ರಗಳ ಮೇಲೆ ಚಿತ್ರಗಳು ಬರುತ್ತವೆಂದು ಎಲ್ಲರೂ ಎಣಿಸುವ ಕಾಲ. ಆಗ ಅವರು ವೀಣೆಯನ್ನು ಎತ್ತಿಕೊಂಡರು. ವೀಣೆ ಶೇಷಣ್ಣನವರಲ್ಲಿ ಶಿಷ್ಯವೃತ್ತಿ ಮಾಡಿ, ಚಿತ್ರವನ್ನು ಬದಿಗಿಟ್ಟು ವರ್ಷಗಟ್ಟಲೆ ಸಾಧನೆ ನಡೆಸಿದರು. ಮದುವೆಯಾಗದೆ ಉಳಿದ ಮನುಷ್ಯ. ಹಿಡಿದದ್ದನ್ನು ಅರೆಬರೆಯಾಗಿ ಹಿಡಿಯುವ ಸ್ವಭಾವವಿಲ್ಲ. ವೀಣೆಯ ಹುಚ್ಚು ಎಂಬರ್ಥದ ಹೆಸರಿನ ಚಿತ್ರವೊಂದರಲ್ಲಿ ಅವರು ತಮ್ಮ ಈ ದಶೆಯನ್ನೇ ವಿಷಯ ಮಾಡಿಕೊಂಡಿದ್ದಾರೆ. ಮನಸ್ಸು ಎರಡು ಕಲೆಗಳ ನಡುವೆ ಸೀಳಿಹೋದದ್ದು ಅವರಿಗೆ ತಿಳಿಯದೆ ಇರಲಿಲ್ಲ.

ಇದನ್ನು ವ್ಯರ್ಥವಾದ ಕಾಲವೆಂದು ಬಗೆಯುವವರುಂಟು. ನನಗೆ ಹಾಗೆ ತೋರುವುದಿಲ್ಲ. ವೀಣೆಯಲ್ಲಿ ಮೀಟಿದ ಮೇಲೆ ನಾದ ತಾನಾಗಿ ಇಳಿದುಹೋಗುವವರೆಗೆ ಕಾಯುವುದೂ ವಾದನದ ಒಂದು ಭಾಗ. ಜಲವರ್ಣದಲ್ಲಿ ಪದರ ಒಣಗುವವರೆಗೆ ಕಾಯುವುದೂ ಅಂಥದೇ. ಒಂದು ಲೇಪದ ಮೇಲೆ ಇನ್ನೊಂದನ್ನು ಹಚ್ಚಬೇಕಾದರೆ ಕೆಳಗಿನದು ಪೂರ್ಣವಾಗಿ ಒಣಗಿರಬೇಕು. ಕಣ್ಣಿಗೆ ಒಣಗಿದಂತೆ ಕಂಡರೆ ಸಾಲದು. ಅಂಗೈಯ ಹಿಂಭಾಗವನ್ನು ಹಾಳೆಗೆ ಸೋಕಿಸಿದರೆ ತಣ್ಣಗಿದೆಯೇ ಎಂದು ತಿಳಿಯುತ್ತದೆ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ನಲವತ್ತು ನಿಮಿಷದ ತರಗತಿಯಲ್ಲಿ ಮಕ್ಕಳಿಗೆ ಇದನ್ನು ಕಲಿಸುವುದೆಂತು? ಬೇಸಿಗೆಯಲ್ಲಿ ನಾಗಮಂಗಲದ ಕಡೆಯ ಶಾಲೆಗಳಲ್ಲಿ ಹಾಳೆ ಹತ್ತು ನಿಮಿಷದಲ್ಲಿ ಒಣಗುತ್ತಿತ್ತು. ಶ್ರಾವಣದಲ್ಲಿ ಶ್ರೀರಂಗಪಟ್ಟಣದ ಹೊಳೆಯ ಬದಿಯಲ್ಲಿ ಗಂಟೆ ಹೊಡೆದರೂ ಒಣಗುತ್ತಿರಲಿಲ್ಲ. ಒಂದೇ ಪಾಠವನ್ನು ಎರಡು ತಾಲ್ಲೂಕಿನಲ್ಲಿ ಎರಡು ಬಗೆಯಾಗಿ ಹೇಳಬೇಕಾಗಿತ್ತು. ಪರೀಕ್ಷೆಯ ತಿಂಗಳುಗಳಲ್ಲಿ ಚಿತ್ರದ ತರಗತಿಯನ್ನು ಗಣಿತಕ್ಕೋ ಇಂಗ್ಲಿಷಿಗೋ ಬಿಟ್ಟುಕೊಡಬೇಕಾಗುತ್ತಿದ್ದದ್ದು ಇನ್ನೊಂದು ಕಥೆ. ಕೊಟ್ಟ ತರಗತಿ ಹಿಂದಿರುಗಿ ಬಂದದ್ದಿಲ್ಲ.

ಶೇಷಣ್ಣನವರು ತೀರಿಕೊಂಡದ್ದು 1926ರಲ್ಲಿ. ವೆಂಕಟಪ್ಪನವರ ಊಟಿಯ ಚಿತ್ರಗಳು ತೊಡಗುವುದೂ ಆ ಕಾಲದಲ್ಲಿಯೇ. ಒಂದಕ್ಕೊಂದು ಸಂಬಂಧ ಕಲ್ಪಿಸುವುದು ನನ್ನ ಕೆಲಸವಲ್ಲ. ಪುರಾಣದ ಪಾತ್ರಗಳನ್ನು ಬಿಟ್ಟು, ಬಂಗಾಳದ ವಾಷನ್ನೂ ಬಿಟ್ಟು, ನೀಲಗಿರಿಯ ಮುಂಜಾವು, ಮುಂಗಾರು ಮುಗಿಲು, ಕೆರೆ, ಬೆಳದಿಂಗಳು ಇವುಗಳ ಮುಂದೆ ಅವರು ಕುಳಿತರು. 1930ರ ದಶಕದಲ್ಲಿ ಕೊಡೈಕೆನಾಲಿನ ಚಿತ್ರಗಳು ಬಂದವು. ಅವರ ಹೆಸರು ಉಳಿಯುವುದು ಈ ಚಿತ್ರಗಳಿಂದ ಎಂದು ನನ್ನ ನಂಬಿಕೆ. ಅವುಗಳಲ್ಲಿ ಮನುಷ್ಯರು ವಿರಳ. ಮನುಷ್ಯರಿಲ್ಲವೆಂಬ ಕೊರತೆಯೂ ಇಲ್ಲ. ಒಂದೇ ಕೆರೆ, ಒಂದೇ ಬೆಟ್ಟದ ಇಳಿಜಾರು, ಬೇರೆ ಹೊತ್ತಿನಲ್ಲಿ ಬೇರೆಯಾಗಿ ಕಾಣುವುದನ್ನು ಹಿಡಿಯುವ ಹಠ. ಆಗಲೇ ಹೇಳಿದ ದಂಡಿನ ಚಿತ್ರಕಾರರಿಗೆ ಮಂಜು ಒಂದು ಅಡ್ಡಿಯಾಗಿತ್ತು, ಕೋಟೆಯನ್ನು ಮರೆಮಾಡುವ ವಸ್ತು. ವೆಂಕಟಪ್ಪನವರಿಗೆ ಮಂಜೇ ವಿಷಯವಾಯಿತು.

ಮಂಜನ್ನು ಬರೆಯುವುದು ಹೇಗೆ? ತೇವದ ಮೇಲೆ ತೇವ ಎಂಬುದು ಇದರ ವಿಧಾನ. ಹಾಳೆಯನ್ನು ಬರಿಯ ನೀರಿನಿಂದ ತೋಯಿಸಿ, ಅದು ಕನ್ನಡಿಯಂತೆ ಹೊಳೆಯುವಾಗ ಬಣ್ಣ ಸೋಕಿಸಿದರೆ ಬಣ್ಣ ಅಂಕೆಯಿಲ್ಲದೆ ಹರಡಿಬಿಡುತ್ತದೆ. ಹೊಳಪು ಪೂರಾ ಹೋದ ಮೇಲೆ ಸೋಕಿಸಿದರೆ ಗೆರೆ ಮೊಂಡಾಗಿ ನಿಲ್ಲುತ್ತದೆ. ಹೊಳಪು ಇಳಿಯುತ್ತಿರುವ ಆ ಸ್ವಲ್ಪ ಹೊತ್ತಿನಲ್ಲಿ, ಕುಂಚದಲ್ಲಿ ಹಾಳೆಗಿಂತ ಕಡಿಮೆ ನೀರಿಟ್ಟುಕೊಂಡು ಸೋಕಿಸಿದರೆ ಅಂಚು ಮೃದುವಾಗಿ ಕರಗಿ, ಬೆಟ್ಟ ಮಂಜಿನಲ್ಲಿ ಅಡಗಿದಂತೆ ಕಾಣುತ್ತದೆ. ಹೇಳಲು ಸುಲಭ. ಇದನ್ನು ನೋಡಲು ನಮ್ಮ ಮಕ್ಕಳು ನೀಲಗಿರಿಗೆ ಹೋಗಬೇಕಾಗಿಲ್ಲ. ಮಾರ್ಗಶಿರ, ಪುಷ್ಯಗಳ ಬೆಳಿಗ್ಗೆ ಪಶ್ಚಿಮವಾಹಿನಿಯ ಬಳಿ ನಿಂತರೆ ಆಚೆ ದಡದ ತೆಂಗಿನಮರಗಳ ಬುಡ ಕಾಣುವುದಿಲ್ಲ, ತಲೆ ಮಾತ್ರ ಕಾಣುತ್ತದೆ. ಒಂದು ಚಳಿಗಾಲ ಕೆಲವು ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೊದಲ ದಿನ ಎಲ್ಲರೂ ಮರದ ಬುಡವನ್ನೂ ಬರೆದರು. ಮರಕ್ಕೆ ಬುಡವಿದೆಯೆಂದು ಅವರಿಗೆ ಗೊತ್ತಿತ್ತಲ್ಲ! ಗೊತ್ತಿರುವುದನ್ನು ಬಿಟ್ಟು ಕಾಣುವುದನ್ನು ಬರೆಯಲು ಅವರಿಗೆ ಮೂರು ಬೆಳಗು ಬೇಕಾಯಿತು.

ಹಸುರಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪೆಟ್ಟಿಗೆಯಲ್ಲಿ ಬರುವ ಸಿದ್ಧ ಹಸುರು ಯಾವ ಎಲೆಯಲ್ಲಿಯೂ ಇಲ್ಲ. ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆಯ ಬದಿಯಲ್ಲಿ ನಿಂತು ನೋಡಿ: ನಾಟಿಯಾದ ಭತ್ತದ ಹಸುರಿನಲ್ಲಿ ಹಳದಿಯೇ ಹೆಚ್ಚು, ಪಕ್ಕದ ಕಬ್ಬಿನಲ್ಲಿ ನೀಲಿ ಹೆಚ್ಚು, ದೂರದ ತೋಪಿನಲ್ಲಿ ಹಸುರೆಂಬುದೇ ಉಳಿದಿಲ್ಲ, ಬೂದುನೀಲಿಯಾಗಿದೆ. ಒಂದು ಹಳದಿ, ಒಂದು ನೀಲಿ, ತಗ್ಗಿಸಲು ಒಂದು ಕಾವಿಬಣ್ಣ ಇದ್ದರೆ ಇವೆಲ್ಲವೂ ಹುಟ್ಟುತ್ತವೆ. ಪೆಟ್ಟಿಗೆಯ ಹಸುರನ್ನೂ ಕಪ್ಪನ್ನೂ ಬಿಳಿಯನ್ನೂ ಒಂದು ವರ್ಷ ಮುಟ್ಟಬಾರದೆಂದು ನಾನು ನಿಯಮ ಮಾಡಿದ್ದೆ. ನೆರಳಿಗೆ ಕಪ್ಪನ್ನು ಬಳಸಿದರೆ ನೆರಳು ಸತ್ತುಹೋಗುತ್ತದೆ. ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣ ದೇವಾಲಯದ ಗೋಡೆಯನ್ನು ಮಧ್ಯಾಹ್ನ ನೋಡಿದರೆ, ಆ ಬಳಪದ ಕಲ್ಲಿನ ನೆರಳಿನಲ್ಲಿ ನೀಲಿಯಿದೆ, ನೆಲದಿಂದ ಎಗರಿದ ಬೆಳಕಿನ ಕೆಂಪೂ ಇದೆ. ವೆಂಕಟಪ್ಪನವರ ಬೆಳದಿಂಗಳ ಚಿತ್ರಗಳಲ್ಲಿ ಕತ್ತಲೆ ಇಷ್ಟು ಉಸಿರಾಡುವುದು ಅದು ಪದರಪದರವಾಗಿ ಬೆಳೆದ ಕತ್ತಲೆಯಾದ್ದರಿಂದ. ತಿಳಿಯಾದದ್ದು ಮೊದಲು, ಗಾಢವಾದದ್ದು ಕೊನೆಗೆ ಎಂಬ ಕ್ರಮವನ್ನು ಮೀರಿದವರು ಜಲವರ್ಣದಲ್ಲಿ ಕಡಿಮೆ. ಇನ್ನೊಂದು ಮಾತು: ಒದ್ದೆಯಾಗಿರುವಾಗ ಕಂಡ ಬಣ್ಣ ಒಣಗಿದಾಗ ತೆಳುವಾಗುತ್ತದೆ. ಅದನ್ನು ಮೊದಲೇ ಎಣಿಸಿ ತುಸು ಗಾಢವಾಗಿಯೇ ಹಚ್ಚಬೇಕು.

ಊಟಿಯ ಕಾಲದ ಮುಂದಿನ ಭಾಗ ಸಂತೋಷದ್ದಲ್ಲ. ಅವರು ಗಾರೆಯ ಉಬ್ಬುಶಿಲ್ಪಗಳನ್ನೂ ಮಾಡುತ್ತಿದ್ದರು. ಅರಮನೆಗಾಗಿ ಅಂಥ ಕೆಲಸವನ್ನು ವಹಿಸಿಕೊಂಡಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ತಮ್ಮನ್ನು ಬಲ್ಲ ಒಡೆಯರು ಹೋದ ಮೇಲೆ ಕೆಲಸದ ಪ್ರತಿಫಲದ ವಿಷಯದಲ್ಲಿ ಅರಮನೆಗೂ ಅವರಿಗೂ ವಿವಾದ ಹುಟ್ಟಿತು. ಅವರು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ತಲೆಮಾರುಗಳಿಂದ ಆಸ್ಥಾನದ ಅನ್ನ ಉಂಡ ಮನೆತನದ ಚಿತ್ರಗಾರ ಆಸ್ಥಾನದ ಮೇಲೆಯೇ ದಾವೆ ಹೂಡಿದ್ದು ಆ ಕಾಲಕ್ಕೆ ಸಾಮಾನ್ಯವಾದ ಸಂಗತಿಯಲ್ಲ. ಗೆಲುವು ದೊರೆಯಲಿಲ್ಲ. ಇದರಲ್ಲಿ ಹಣದ ಆಸೆಯನ್ನು ಕಾಣುವುದು ತಪ್ಪು. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಬರುವ ಆಶ್ರಿತನ ಸ್ಥಾನವನ್ನು ಅವರು ಒಪ್ಪಲಿಲ್ಲ. ತನ್ನ ಕೆಲಸಕ್ಕೆ ಬೆಲೆ ಹೇಳುವ ಹಕ್ಕು ತನ್ನದು ಎಂದು ನಿಂತರು. ನಮ್ಮ ನಾಡಿನಲ್ಲಿ ಚಿತ್ರಕಾರನೆಂಬವನು ಸ್ವತಂತ್ರನಾದ ವ್ಯಕ್ತಿಯಾಗಿ ಎದ್ದುನಿಂತ ಮೊದಲ ಪ್ರಸಂಗಗಳಲ್ಲಿ ಇದೊಂದು ಎಂದು ನಾನು ಬಗೆಯುತ್ತೇನೆ.

ಅನಂತರದ ಬಾಳು ಬೆಂಗಳೂರಿನಲ್ಲಿ. ಜನಸಂಪರ್ಕ ಕಡಿಮೆ; ಶಿಸ್ತು ಕಠೋರ; ದಿನಚರಿ ಬರೆಯುವುದನ್ನು ಮಾತ್ರ ಬಿಡಲಿಲ್ಲ. ದಶಕಗಳ ದಿನಚರಿಗಳನ್ನು ಅವರು ಉಳಿಸಿಹೋದರು. ಒಣಗದ ಲೇಪವನ್ನು 'ಇರಲಿ' ಎಂದು ಮುಟ್ಟದವರ ಗುಣವೇ ಅವರ ಇಡೀ ಬಾಳಿನಲ್ಲಿತ್ತು. ಅಂಥವರ ಜೊತೆ ಬಾಳುವುದು ಸುಲಭವಾಗಿರಲಾರದು. ಅವರಿಗೆ ಶಿಷ್ಯಪರಂಪರೆಯೆಂಬುದು ಬೆಳೆಯಲಿಲ್ಲ. ಒಬ್ಬ ಮೇಷ್ಟರಾಗಿ ಈ ಒಂದು ಸಂಗತಿಯನ್ನು ನಾನು ಇಂದಿಗೂ ವ್ಯಸನದಿಂದಲೇ ನೆನೆಯುತ್ತೇನೆ. ಅವನೀಂದ್ರರು ಹತ್ತು ಜನರನ್ನು ತಯಾರುಮಾಡಿದರು. ಆ ಹತ್ತು ಜನರಲ್ಲೊಬ್ಬರಾದ ನಂದಲಾಲರು ಶಾಂತಿನಿಕೇತನದಲ್ಲಿ ನೂರು ಜನರನ್ನು. ಮೈಸೂರು ಸೀಮೆಗೆ ಆ ಭಾಗ್ಯ ಒದಗಲಿಲ್ಲ. ಅವರು ತಾವು ಬಲ್ಲದ್ದನ್ನು ಹೇಳಿಕೊಟ್ಟಿದ್ದರೆ ಹಳ್ಳಿಯ ಶಾಲೆಗಳ ಡ್ರಾಯಿಂಗ್ ಮೇಷ್ಟರುಗಳಾದ ನಮ್ಮವರೆಗೂ ಅದರ ಒಂದು ಹನಿ ಹರಿದು ಬರುತ್ತಿತ್ತೋ ಏನೋ. ನಾವು ಅವರ ಚಿತ್ರಗಳನ್ನು ಗಾಜಿನಾಚೆಯಿಂದ ನೋಡಿ, ಲೇಪ ಎಲ್ಲಿ ತೊಡಗಿತು, ಎಲ್ಲಿ ನಿಂತಿತು ಎಂದು ಊಹಿಸಿ ಕಲಿಯಬೇಕಾಯಿತು.

ಅವರು ತೀರಿಕೊಂಡ ಮೇಲೆ ಅವರ ಹೆಸರಿನ ಚಿತ್ರಶಾಲೆ ಬೆಂಗಳೂರಿನಲ್ಲಿ ಏರ್ಪಟ್ಟಿತು. ಕಸ್ತೂರಬಾ ರಸ್ತೆಯಲ್ಲಿ ಅದಕ್ಕಾಗಿಯೇ ಕಟ್ಟಿದ ಕಟ್ಟಡ 1970ರ ದಶಕದ್ದು. ಅದರ ಆಡಳಿತವನ್ನು ಖಾಸಗಿಯವರ ಸಹಭಾಗಿತ್ವಕ್ಕೆ ಒಪ್ಪಿಸುವ ಯೋಚನೆ ಬಂದಾಗ 2016ರಲ್ಲಿ ರಾಜಧಾನಿಯ ಕಲಾವಿದರು ಒಟ್ಟಾಗಿ ಪ್ರತಿಭಟಿಸಿದರು. ಜಲವರ್ಣಕ್ಕೆ ಬೆಳಕೇ ಜೀವ, ಬೆಳಕೇ ಶತ್ರು. ಬಿಸಿಲು ತಾಕುತ್ತಿದ್ದರೆ ಕೆಂಪುಗಳು ಮೊದಲು ಹೋಗುತ್ತವೆ, ಅನಂತರ ತೆಳು ಹಳದಿಗಳು. ಆದ್ದರಿಂದ ಇಂಥ ಚಿತ್ರಗಳನ್ನು ಮಂದವಾದ ದೀಪದಲ್ಲಿ ಇಡುವುದು ಪದ್ಧತಿ.

ಕೆಲವು ವರ್ಷಗಳ ಹಿಂದೆ ನಾಗಮಂಗಲದ ಕಡೆಯ ಒಂದು ಶಾಲೆಯ ಮಕ್ಕಳೊಡನೆ ಅಲ್ಲಿಗೆ ಹೋಗಿದ್ದೆ. ಅವರಿಗೆ ಪಕ್ಕದ ವಸ್ತುಸಂಗ್ರಹಾಲಯದ ಮೇಲೆ ಕಣ್ಣಿತ್ತು, ಚಿತ್ರಶಾಲೆಯಲ್ಲಿ ಗದ್ದಲ ಮಾಡುತ್ತ ಓಡಾಡಿದರು. ಒಬ್ಬ ಹುಡುಗಿ ಮಾತ್ರ ಊಟಿಯ ಒಂದು ಚಿತ್ರದ ಮುಂದೆ ನಿಂತು, ಬೆಟ್ಟದ ನೆತ್ತಿಯ ಮೇಲಿನ ಮುಗಿಲಿಗೆ ಯಾವ ಬಿಳಿ ಹಚ್ಚಿದ್ದಾರೆಂದು ನನ್ನನ್ನು ಕೇಳಿದಳು. ಹತ್ತಿರ ಹೋಗಿ ನೋಡು ಎಂದೆ. ಅವಳು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಕಾವಲಿನವರು ಬಂದು, ಗಾಜಿನಿಂದ ದೂರ ನಿಲ್ಲಬೇಕೆಂದು ಹೇಳಿದರು. ಬಸ್ಸಿನಲ್ಲಿ ಹಿಂದಿರುಗುವಾಗ, ಮದ್ದೂರು ದಾಟಿದ ಮೇಲೆ, ಅವಳು ನನ್ನ ಸೀಟಿನ ಹತ್ತಿರ ಬಂದು, ಅಲ್ಲಿ ಏನನ್ನೂ ಹಚ್ಚಿರಲಿಲ್ಲ ಅಲ್ಲವೇ ಮೇಷ್ಟ್ರೇ ಎಂದು ಕೇಳಿ ಹೋಗಿ ಕುಳಿತಳು.